ಹಳಗನ್ನಡ ಕಾವ್ಯ ಓದಬೇಕು ಅಂತಿದ್ದೀರಾ? ಎಲ್ಲಿಂದ ಶುರು ಮಾಡೋದು, ಹೇಗೆ ಮುಂದುವರಿಯೋದು

"ಪಂಪಭಾರತ ತಂದಿಟ್ಟುಕೊಂಡಿದ್ದೇನೆ, ಮೊದಲ ಪುಟ ದಾಟಲು ಆಗುತ್ತಿಲ್ಲ. ಏನು ಮಾಡಲಿ?" ಓದುಗರಿಂದ ಜಾಸ್ತಿ ಬರುವ ಪ್ರಶ್ನೆ ಇದೇ. ಪುಸ್ತಕದ ಹೆಸರು ಬದಲಾಗಬಹುದು, ಗೋಳು ಒಂದೇ. ಇದನ್ನು ನಾಲ್ಕು ಜನ ಸಾಹಿತ್ಯಾಭಿಮಾನಿಗಳ ನಡುವೆ ಎತ್ತಿದರೆ ಕೂಡಲೇ ಎರಡು ಪಕ್ಷವಾಗುತ್ತದೆ. "ಅದರಲ್ಲೇನು ಕಷ್ಟ, ನಮ್ಮದೇ ಭಾಷೆ ಅಲ್ವಾ?" ಅನ್ನುವವರು ಒಂದು ಕಡೆ. "ಅದು ಕನ್ನಡವೇ ಅಲ್ಲ ಬಿಡಿ, ಮೇಷ್ಟ್ರುಗಳಿಗೆ ಮಾತ್ರ" ಅನ್ನುವವರು ಇನ್ನೊಂದು ಕಡೆ.

ನನ್ನ ಮಾತು ಇಷ್ಟೇ: ಕಷ್ಟ ಹೌದು. ಅದನ್ನು ಇಲ್ಲ ಅನ್ನುವವರು ತಾವು ಕಲಿತ ದಿನಗಳನ್ನು ಮರೆತಿದ್ದಾರೆ. ಆದರೆ ಆ ಕಷ್ಟ ಒಂದೇ ದೊಡ್ಡ ಬಂಡೆಯಲ್ಲ. ಅದರಲ್ಲಿ ನಾಲ್ಕೈದು ಬೇರೆ ಬೇರೆ ತೊಡಕುಗಳು ಸೇರಿಕೊಂಡಿವೆ. ಅಕ್ಷರ ಬದಲಾಗಿದೆ, ಪ್ರತ್ಯಯ ಬದಲಾಗಿದೆ, ಪದಗಳು ಒಂದಕ್ಕೊಂದು ಅಂಟಿಕೊಂಡಿವೆ, ಸಂಸ್ಕೃತದ ಸಮಾಸಗಳು ಬರುತ್ತವೆ, ಕಥೆಯ ಹಿನ್ನೆಲೆ ಗೊತ್ತಿರುವುದಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಮದ್ದಿದೆ. ಎಲ್ಲವನ್ನೂ ಒಟ್ಟಿಗೆ ಎದುರಿಸಲು ಹೋದವರೇ ಮೊದಲ ಪುಟದಲ್ಲಿ ಸೋಲುವುದು.

ಅಂದಹಾಗೆ, ಈ ಜಗಳ ಹೊಸದೇನಲ್ಲ. 1112ರಲ್ಲಿ 'ಧರ್ಮಾಮೃತ' ಬರೆದ ನಯಸೇನ, ಶುದ್ಧ ಕನ್ನಡದಲ್ಲಿ ಸಂಸ್ಕೃತ ತಂದು ಹಾಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಎಂದು ಆಗಲೇ ರೇಗಿದ್ದ. 19ನೇ ಶತಮಾನದ ಕೊನೆಯಲ್ಲಿ ಮುದ್ದಣನ 'ರಾಮಾಶ್ವಮೇಧ'ದೊಳಗೇ ಮನೋರಮೆ ಕಥೆ ಹೇಳುವ ಗಂಡನಿಗೆ ದಬಾಯಿಸುತ್ತಾಳೆ. ಅವನು ಸಂಸ್ಕೃತ ಬೆರೆಸಿ ಶುರು ಮಾಡಿದ ಕೂಡಲೇ, ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದಂತಾಯಿತು ಅನ್ನುತ್ತಾಳೆ. ನಿಮಗೆ ಕಷ್ಟ ಅನಿಸಿದರೆ ನೀವು ಮನೋರಮೆಯ ಪಕ್ಷ. ನಾಚಿಕೊಳ್ಳಬೇಕಾದ್ದು ಏನೂ ಇಲ್ಲ.

ಮೊದಲು ಇವನ್ನು ಹೊಂದಿಸಿಕೊಳ್ಳಿ

ಒಂದು ಒಳ್ಳೆಯ ಆವೃತ್ತಿ (ಯಾವುದು ಎಂದು ಮುಂದೆ ಹೇಳುತ್ತೇನೆ), ಒಂದು ನಿಘಂಟು, ಒಂದು ನೋಟುಬುಕ್ಕು, ಪೆನ್ಸಿಲ್. ಪೆನ್ಸಿಲ್ ಅಂದದ್ದು ಸುಮ್ನೆ ಅಲ್ಲ. ಪದ್ಯದ ಮೇಲೆ ಗೀಟು ಹಾಕಿ ಪದ ಬಿಡಿಸಬೇಕಾಗುತ್ತದೆ, ಬಿಡಿಸಿದ್ದನ್ನು ಅಳಿಸಿ ಮತ್ತೆ ಬಿಡಿಸಬೇಕಾಗುತ್ತದೆ. ಫೋನಿನಲ್ಲಿ ಓದುವವರು ಪದ್ಯವನ್ನು ಕೈಯಲ್ಲಿ ಬರೆದುಕೊಂಡರೆ ಒಳ್ಳೆಯದು. ಛಂದಸ್ಸು, ಅಲಂಕಾರ, ವ್ಯಾಕರಣ ಮೊದಲೇ ಗೊತ್ತಿರಬೇಕಾಗಿಲ್ಲ. ಸಂಸ್ಕೃತವೂ ಬೇಕಾಗಿಲ್ಲ, ಗೊತ್ತಿದ್ದರೆ ಲಾಭ ಅಷ್ಟೆ.

ಹಂತ 1: ಚರಿತ್ರೆಯ ಕ್ರಮದಲ್ಲಿ ಓದಬೇಡಿ, ಹಿಂದೆ ಹಿಂದೆ ಹೋಗಿ

ಎಲ್ಲರೂ ಮಾಡುವ ತಪ್ಪು ಇದು. ಸಾಹಿತ್ಯ ಚರಿತ್ರೆಯ ಪುಸ್ತಕದಲ್ಲಿ 'ಕವಿರಾಜಮಾರ್ಗ', ಆಮೇಲೆ ಪಂಪ, ಆಮೇಲೆ ರನ್ನ ಎಂದು ಇರುತ್ತದೆ. ಹಾಗೆಯೇ ಓದಲು ಹೊರಡುತ್ತಾರೆ. 'ಕವಿರಾಜಮಾರ್ಗ' 9ನೇ ಶತಮಾನದ್ದು, ಅದೂ ಕಥೆಯಲ್ಲ, ಕಾವ್ಯ ಹೇಗಿರಬೇಕು ಎಂದು ಹೇಳುವ ಶಾಸ್ತ್ರಗ್ರಂಥ. ಅದರಿಂದ ಶುರು ಮಾಡಿದವರು ಮುಂದೆ ಹೋಗುವುದು ಅಪರೂಪ.

ನಿಮಗೆ ಹತ್ತಿರದ ಭಾಷೆಯಿಂದ ಶುರು ಮಾಡಿ, ಹಿಂದಿನ ಕಾಲಕ್ಕೆ ನಡೆಯಿರಿ. ನಾನು ಹೇಳುವ ಕ್ರಮ ಹೀಗೆ.

ಮೊದಲು 12ನೇ ಶತಮಾನದ ವಚನಗಳು. ಇವು ಕಾಲದಲ್ಲಿ ಹಳೆಯವಾದರೂ ಮಾತು ಇವತ್ತಿನದಕ್ಕೆ ಹತ್ತಿರ. ಬಸವಣ್ಣ, ಅಕ್ಕಮಹಾದೇವಿ ಇವರ ವಚನಗಳಿಂದ ಶುರು ಮಾಡಿ. ಅಲ್ಲಮನನ್ನು ಸ್ವಲ್ಪ ತಡೆಯಿರಿ. ಅವನ ಅನೇಕ ವಚನಗಳು 'ಬೆಡಗಿನ ವಚನಗಳು', ಅಂದರೆ ಒಗಟಿನ ರೂಪದಲ್ಲಿ ಅನುಭಾವ ಹೇಳುವಂಥವು. ಪದ ಪದವೂ ಗೊತ್ತಿರುತ್ತದೆ, ಏನು ಹೇಳಿದ ಎಂದು ಮಾತ್ರ ತಿಳಿಯುವುದಿಲ್ಲ. ಅದು ಭಾಷೆಯ ಕಷ್ಟವಲ್ಲ, ಬೇರೆಯದೇ ಕಷ್ಟ. ಎರಡನ್ನೂ ಗೊಂದಲ ಮಾಡಿಕೊಂಡು "ನನಗೆ ಕನ್ನಡವೇ ಬರುವುದಿಲ್ಲ" ಎಂದು ಕೂರಬೇಡಿ.

ಎರಡನೆಯದು ನಡುಗನ್ನಡದ ಕಥನಕಾವ್ಯ. ನಡುಗನ್ನಡ ಅಂದರೆ ಸುಮಾರು 12ರಿಂದ 18ನೇ ಶತಮಾನದವರೆಗಿನ ಕನ್ನಡ. ಇಲ್ಲಿ ಕುಮಾರವ್ಯಾಸನನ್ನೇ ಹಿಡಿಯಿರಿ. ಗದುಗಿನ ಭಾರತವನ್ನು ಆದಿಪರ್ವದಿಂದಲೇ ಓದಬೇಕು ಎಂದೇನಿಲ್ಲ. ವಿರಾಟಪರ್ವ ಓದಿ. ಕೀಚಕನ ಪ್ರಸಂಗ ಇದೆ, ರಾತ್ರಿ ದ್ರೌಪದಿ ಅಡುಗೆಮನೆಯಲ್ಲಿರುವ ಭೀಮನ ಬಳಿಗೆ ಹೋಗಿ ಅಳುವುದಿದೆ, ಹೆಂಗಸರ ಮುಂದೆ ಬಡಾಯಿ ಕೊಚ್ಚಿ ಯುದ್ಧದಲ್ಲಿ ರಥದಿಂದ ಧುಮುಕಿ ಓಡುವ ಉತ್ತರಕುಮಾರ ಇದ್ದಾನೆ. ನಗು ಬರುವ ಕಡೆ ಭಾಷೆಯ ತೊಡಕು ಅಷ್ಟಾಗಿ ಕಾಡುವುದಿಲ್ಲ. ಮಳೆ ಹೋದ ವರ್ಷ ಹಳ್ಳಿಗಳಲ್ಲಿ ವಿರಾಟಪರ್ವ ಓದಿಸುವ ರೂಢಿ ಇದೆ, ಹಾಗಾಗಿ ನಿಮ್ಮ ಊರಿನ ಹಿರಿಯರಲ್ಲಿ ಕೆಲವರಿಗೆ ಇದರ ಪದ್ಯಗಳು ಬಾಯಿಗೆ ಬರಬಹುದು. ಕೇಳಿ ನೋಡಿ.

ಕುಮಾರವ್ಯಾಸನೂ ಗಟ್ಟಿ ಅನಿಸಿದರೆ 16ನೇ ಶತಮಾನದ ರತ್ನಾಕರವರ್ಣಿಯ 'ಭರತೇಶ ವೈಭವ' ನೋಡಿ. ಇದು ಸಾಂಗತ್ಯದಲ್ಲಿದೆ. ಸಾಂಗತ್ಯ ಅಂದರೆ ಹಾಡಲು ಹೇಳಿಮಾಡಿಸಿದ ನಾಲ್ಕು ಸಾಲಿನ ಸರಳ ಛಂದಸ್ಸು. ಕನ್ನಡಿಗರು, ತೆಲುಗರು, ತುಳುವರು ಮೂವರೂ ಮೈಯುಬ್ಬಿ ಕೇಳಬೇಕು ಎಂದು ಕವಿಯೇ ಹೇಳಿಕೊಂಡಿದ್ದಾನೆ, ಆಯಾ ಭಾಷೆಯ ಮೆಚ್ಚುಗೆ ಮಾತುಗಳ ಸಮೇತ.

ಆಮೇಲೆ ರಾಘವಾಂಕನ 'ಹರಿಶ್ಚಂದ್ರ ಕಾವ್ಯ', ಲಕ್ಷ್ಮೀಶನ 'ಜೈಮಿನಿ ಭಾರತ'. ಆಮೇಲೆ ಹಳಗನ್ನಡದ ಬಾಗಿಲು. ಅಲ್ಲಿ ಮೊದಲು ಜನ್ನನ 'ಯಶೋಧರ ಚರಿತೆ' (1209). ಚಿಕ್ಕದು, ಬಹುಪಾಲು ಕಂದಪದ್ಯಗಳು (ನಾಲ್ಕು ಸಾಲಿನ ಚಿಕ್ಕ ಪದ್ಯಗಳು), ಕಥೆ ಬೆಚ್ಚಿಬೀಳಿಸುವಂಥದ್ದು: ರಾಣಿ ಅಮೃತಮತಿ ಕುರೂಪಿ ಮಾವುತನಿಗೆ ಮನಸೋಲುತ್ತಾಳೆ. ನಂತರ ರನ್ನನ 'ಗದಾಯುದ್ಧ'. ಕೊನೆಗೆ ಪಂಪ.

ಪದ್ಯ ಬೇಡ, ಗದ್ಯ ಇದ್ದರೆ ಹೇಳಿ ಅನ್ನುವವರು ಇದ್ದಾರೆ. ಅವರಿಗೆ 'ವಡ್ಡಾರಾಧನೆ' ಇದೆ, 19 ಜೈನ ಕಥೆಗಳು. ಹಳಗನ್ನಡದ ಪ್ರತ್ಯಯಗಳು ಕಣ್ಣಿಗೆ ರೂಢಿಯಾಗಲು ಇದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ. ಛಂದಸ್ಸಿನ ಗಲಾಟೆ ಇಲ್ಲದೆ ವಾಕ್ಯ ನೆಟ್ಟಗೆ ನಡೆಯುತ್ತದೆ.

ಹಂತ 2: ಕಥೆಯನ್ನು ಮೊದಲೇ ತಿಳಿದುಕೊಳ್ಳಿ

"ಕಥೆ ಗೊತ್ತಾದರೆ ಓದುವ ಮಜಾ ಹೋಗುತ್ತದಲ್ಲ?" ಎಂದು ಕೇಳುತ್ತಾರೆ. ಈ ಕಾವ್ಯಗಳಿಗೆ ಆ ಮಾತು ಸಲ್ಲುವುದಿಲ್ಲ. ಪಂಪನ ಮುಂದೆ ಕೂತ ಸಭೆಗೆ ಭಾರತದ ಕಥೆ ಪೂರ್ತಿ ಗೊತ್ತಿತ್ತು. ಗೊತ್ತಿರುವ ಕಥೆಯನ್ನು ಇವನು ಹೇಗೆ ಹೇಳುತ್ತಾನೆ ಎಂದು ನೋಡಲು ಅವರು ಬಂದಿದ್ದರು.

ಹಾಗಾಗಿ ಹೊಸಗನ್ನಡದ ಗದ್ಯಾನುವಾದ ಮೊದಲು ಓದಿ. ಅದು ಮೋಸವಲ್ಲ. ಒಂದು ಸಂಧಿಯ, ಅಂದರೆ ಅಧ್ಯಾಯದ, ಅನುವಾದ ಓದಿ ಮುಚ್ಚಿಟ್ಟು, ಅದೇ ಸಂಧಿಯ ಮೂಲ ತೆಗೆಯಿರಿ. ಅನುವಾದವನ್ನೂ ಮೂಲವನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಕಣ್ಣಾಡಿಸಿದರೆ ಮಾತ್ರ ತೊಂದರೆ. ಕಣ್ಣು ಸುಲಭದ ಕಡೆಗೇ ಜಾರುತ್ತದೆ, ಮೂಲ ಓದಿದಂತೆ ಭ್ರಮೆಯಾಗುತ್ತದೆ ಅಷ್ಟೆ.

ಕವಿ ಕಥೆಯನ್ನು ಎಲ್ಲಿ ತಿರುಗಿಸಿದ್ದಾನೆ ಎಂದೂ ತಿಳಿದಿರಬೇಕು. 941ರ ಸುಮಾರಿಗೆ ಪಂಪ ಬರೆದ 'ವಿಕ್ರಮಾರ್ಜುನ ವಿಜಯ'ದಲ್ಲಿ (ಪಂಪಭಾರತ ಅನ್ನುವುದು ಇದನ್ನೇ) ಅರ್ಜುನ ಅಂದರೆ ಅವನ ದೊರೆ ವೇಮುಲವಾಡದ ಚಾಲುಕ್ಯ ಅರಿಕೇಸರಿಯೂ ಹೌದು. 'ಗುಣಾರ್ಣವ', 'ಅರಿಗ' ಎಂಬ ಹೆಸರುಗಳು ಅರ್ಜುನನಿಗೆ ಯಾಕೆ ಬಂದವು ಎಂದು ಗೊತ್ತಿಲ್ಲದೆ ತಲೆ ಕೆರೆದುಕೊಳ್ಳುವವರು ಬಹಳ. ಅವು ರಾಜನ ಹೆಸರು, ಬಿರುದುಗಳು. ರನ್ನನಲ್ಲಿ ಹಾಗೆಯೇ ಭೀಮನ ಜಾಗದಲ್ಲಿ ಅವನ ದೊರೆ ಸತ್ಯಾಶ್ರಯ ಕೂತಿದ್ದಾನೆ. ಅದಕ್ಕೇ ಆ ಕಾವ್ಯಕ್ಕೆ 'ಸಾಹಸಭೀಮ ವಿಜಯ' ಎಂಬ ಹೆಸರೂ ಇದೆ.

ಹಂತ 3: ಆವೃತ್ತಿ ನೋಡಿ ಕೊಳ್ಳಿ

ಇದನ್ನು ಜನ ಗಮನಿಸುವುದೇ ಇಲ್ಲ. ಅರ್ಧ ಕಷ್ಟ ಇಲ್ಲಿಯೇ ಕಳೆಯುತ್ತದೆ. ಅಂಗಡಿಯಲ್ಲಿ ಪುಸ್ತಕ ತೆರೆದು ಮೂರು ವಿಷಯ ನೋಡಿ: ಪದ ವಿಂಗಡಿಸಿ ಅಚ್ಚು ಮಾಡಿದ್ದಾರೆಯೇ, ಪದ್ಯದ ಕೆಳಗೆ ಅಥವಾ ಹಿಂದೆ ಅರ್ಥಕೋಶ ಇದೆಯೇ, ತಾತ್ಪರ್ಯ ಇದೆಯೇ.

ಪಂಪಭಾರತಕ್ಕೆ ಎಲ್. ಬಸವರಾಜು ಅವರ 'ಸರಳ ಪಂಪಭಾರತ' ಇದೆ. ಸರಳ ಅಂದರೆ ಕಥೆಯನ್ನು ಇಳಿಸಿ ಬರೆದದ್ದಲ್ಲ, ಮೂಲದ ಮಾತುಗಳನ್ನೇ ಓದಲು ಬರುವಂತೆ ಬಿಡಿಸಿ ಕೊಟ್ಟಿರುವುದು. ಆಳಕ್ಕೆ ಹೋಗುವವರಿಗೆ ಡಿ.ಎಲ್. ನರಸಿಂಹಾಚಾರ್ ಅವರ 'ಪಂಪ ಭಾರತ ದೀಪಿಕೆ'. ಗದಾಯುದ್ಧಕ್ಕೆ ತೀ.ನಂ. ಶ್ರೀಕಂಠಯ್ಯನವರ 'ಗದಾಯುದ್ಧ ಸಂಗ್ರಹಂ' ಹೊಸಬರಿಗೆ ಅಳತೆಗೆ ತಕ್ಕದ್ದು. ಗದುಗಿನ ಭಾರತಕ್ಕೆ ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಆವೃತ್ತಿ ಇದೆ. ಮುದ್ರಣದಲ್ಲಿ ಸಿಗದ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಬೇಕಾದಷ್ಟಿವೆ. ವಚನಗಳಿಗೆ 'ವಚನ ಸಂಚಯ' ಎಂಬ ಜಾಲತಾಣ ಇದೆ. ಅಲ್ಲಿ ಒಂದು ಪದ ಕೊಟ್ಟು ಅದು ಯಾವ ಯಾವ ವಚನದಲ್ಲಿ ಬಂದಿದೆ ಎಂದು ಹುಡುಕಬಹುದು.

ಎಚ್ಚರಿಕೆ: ವಾಟ್ಸಾಪಿನಲ್ಲಿ ಹರಿದಾಡುವ ಪದ್ಯಗಳನ್ನು ನಂಬಿ ಅಭ್ಯಾಸ ಮಾಡಬೇಡಿ. ಅಕ್ಷರ ತಪ್ಪಿದರೆ ಪದ ಬಿಡಿಸಲು ಆಗುವುದಿಲ್ಲ, ತಪ್ಪು ನಿಮ್ಮದು ಅಂದುಕೊಳ್ಳುತ್ತೀರಿ.

ಹಂತ 4: ಹತ್ತು ಹನ್ನೆರಡು ಬದಲಾವಣೆ ಕಲಿಯಿರಿ, ಸಾಕು

ಇಲ್ಲಿ ಸ್ವಲ್ಪ ನಿಧಾನಿಸೋಣ. ನೋಟುಬುಕ್ಕಿನ ಮೊದಲ ಪುಟದಲ್ಲಿ ಇವನ್ನು ಬರೆದಿಟ್ಟುಕೊಳ್ಳಿ.

ಪಕಾರ ಹಕಾರವಾಗಿದೆ. ಪಾಲ್ ಅಂದರೆ ಹಾಲು, ಪುಲಿ ಅಂದರೆ ಹುಲಿ, ಪೂ ಅಂದರೆ ಹೂ, ಪೆಸರ್ ಅಂದರೆ ಹೆಸರು, ಪೋಗು ಅಂದರೆ ಹೋಗು. ಗೊತ್ತಿಲ್ಲದ ಪದ ಪಕಾರದಿಂದ ಶುರುವಾದರೆ ಮೊದಲು ಹಕಾರ ಹಾಕಿ ನೋಡಿ. ಸಂಸ್ಕೃತದ ಪದಗಳಿಗೆ ಮಾತ್ರ ಇದು ಸಲ್ಲದು. ಪುತ್ರ ಪುತ್ರನೇ.

ಅನೇಕ ಪದಗಳ ಕೊನೆಯ ಉಕಾರ ಆಗ ಇರಲಿಲ್ಲ. ಕಣ್ ಅಂದರೆ ಕಣ್ಣು, ಕಾಲ್ ಅಂದರೆ ಕಾಲು, ನೀರ್ ಅಂದರೆ ನೀರು, ಪೆಣ್ ಅಂದರೆ ಹೆಣ್ಣು.

ಎರಡು ಅಕ್ಷರ ಕಣ್ಮರೆಯಾಗಿವೆ. ಱ ಮತ್ತು ೞ. ಮೊದಲನೆಯದಕ್ಕೆ ಶಕಟರೇಫ, ಎರಡನೆಯದಕ್ಕೆ ರಳ ಎನ್ನುತ್ತಾರೆ. ಱ ಕಂಡರೆ ರ ಎಂದು ಓದಿಕೊಳ್ಳಿ: ಆಱು ಅಂದರೆ ಆರು, ನೂಱು ಅಂದರೆ ನೂರು. ೞ ಕಂಡರೆ ಬಹುಪಾಲು ಳ: ಏೞು, ಮೞೆ, ಬಾೞೆ. ಎಷ್ಟೋ ಆವೃತ್ತಿಗಳು ಈ ಅಕ್ಷರಗಳನ್ನು ಬಿಟ್ಟು ರ, ಳ ಎಂದೇ ಅಚ್ಚು ಹಾಕುತ್ತವೆ.

ನಾಮಪದದ ಬಾಲಗಳು. ಭೀಮಂ ಅಂದರೆ ಭೀಮನು. ಭೀಮನಂ ಅಂದರೆ ಭೀಮನನ್ನು. ಮರಮಂ ಅಂದರೆ ಮರವನ್ನು. ಭೀಮಂಗೆ ಅಂದರೆ ಭೀಮನಿಗೆ. ಮರದಿಂ, ಮರದಿಂದಂ ಅಂದರೆ ಮರದಿಂದ. ನೀರೊಳ್ ಅಂದರೆ ನೀರಲ್ಲಿ. ಸೊನ್ನೆ ಕಂಡಲ್ಲಿ ಹೊಸಬರು ಎಡವುತ್ತಾರೆ, ಯಾಕೆಂದರೆ 'ಭೀಮಂ' ಕರ್ತೃ, 'ಭೀಮನಂ' ಕರ್ಮ. ಯಾರು ಯಾರನ್ನು ಹೊಡೆದರು ಅನ್ನುವುದು ಈ ಒಂದು ನಕಾರದ ಮೇಲೆ ನಿಂತಿದೆ.

ಕ್ರಿಯಾಪದ. ಬಂದಂ ಅಂದರೆ ಬಂದನು. ಬರ್ಪಂ ಅಂದರೆ ಬರುವನು. ಪೋದಪೆಂ ಅಂದರೆ ಹೋಗುತ್ತೇನೆ. ಬಾರೆಂ ಅಂದರೆ ನಾನು ಬರುವುದಿಲ್ಲ. ಬಂದೊಡೆ ಅಂದರೆ ಬಂದರೆ. ಇರ್ದುಂ ಅಂದರೆ ಇದ್ದರೂ. ಎನೆ ಅಂದರೆ ಎನ್ನಲು. ಕೇಳ್ದು ಅಂದರೆ ಕೇಳಿ. ಅಲ್ತೆ ಅಂದರೆ ಅಲ್ಲವೇ.

ಸರ್ವನಾಮ. ಆಂ ಅಂದರೆ ನಾನು, ಎನ್ನ ಅಂದರೆ ನನ್ನ, ಎಮ್ಮ ಅಂದರೆ ನಮ್ಮ.

ಇವುಗಳಲ್ಲಿ ಒಂದಷ್ಟು ನಿಮಗೆ ಈಗಾಗಲೇ ಗೊತ್ತಿರಬಹುದು. ತುಳು ಬಲ್ಲವರಿಗೆ ಪೂ, ಪಿಲಿ, ಪೊಸ ಹೊಸದಲ್ಲ. ಹವ್ಯಕರ ಮನೆಗಳಲ್ಲಿ 'ಆನು', 'ಎನ್ನ' ಇವತ್ತಿಗೂ ನಡೆಯುತ್ತವೆ. ಉತ್ತರ ಕರ್ನಾಟಕದ 'ಒಲ್ಲೆ' ಎಂಬ ಮಾತು 'ಬಾರೆಂ' ಜಾತಿಯದೇ ನಿಷೇಧ ರೂಪ. ಚೆನ್ನೈಯಲ್ಲೋ ಕೊಯಮತ್ತೂರಿನಲ್ಲೋ ಬೆಳೆದ ಕನ್ನಡಿಗರಿಗೆ ತಮಿಳಿನ ಪಾಲ್, ಪುಲಿ ಗೊತ್ತು. ೞ ಅಕ್ಷರದ ಉಚ್ಚಾರವೂ ತಮಿಳಿನಿಂದ ಬಾಯಿಗೆ ಬಂದಿರುತ್ತದೆ, ಬೆಂಗಳೂರಿನವರಿಗೆ ಇಲ್ಲದ ಅನುಕೂಲ ಅದು.

ಎಚ್ಚರಿಕೆ: ವ್ಯಾಕರಣ ಪೂರ್ತಿ ಕಲಿತೇ ಓದುತ್ತೇನೆ ಎಂದು ಕೇಶಿರಾಜನ 'ಶಬ್ದಮಣಿದರ್ಪಣ' ಹಿಡಿದು ಕೂರಬೇಡಿ. ಅದೇ ಹಳಗನ್ನಡದ ಕಂದಪದ್ಯಗಳಲ್ಲಿದೆ! ಓದು ಮುಂದುವರಿದ ಮೇಲೆ ಅದರ ರುಚಿ ಬೇರೆ.

ಹಂತ 5: ಪುಟದ ಮೇಲಿನ ಗುರುತುಗಳು

ಪಂಪ, ರನ್ನರ ಕಾವ್ಯಗಳು ಚಂಪೂ, ಅಂದರೆ ಪದ್ಯ ಮತ್ತು ಗದ್ಯ ಬೆರೆತದ್ದು. ಅಧ್ಯಾಯಕ್ಕೆ ಆಶ್ವಾಸ ಎನ್ನುತ್ತಾರೆ. ಪದ್ಯದ ತಲೆಯ ಮೇಲೆ ಕಂ, ಚಂ, ಉ, ಮ ಎಂದೆಲ್ಲ ಇರುತ್ತದೆ. ಕಂ ಅಂದರೆ ಕಂದ, ಚಂ ಅಂದರೆ ಚಂಪಕಮಾಲೆ, ಉ ಅಂದರೆ ಉತ್ಪಲಮಾಲೆ, ಮ ಅಂದರೆ ಮತ್ತೇಭವಿಕ್ರೀಡಿತ. ವ ಎಂದಿದ್ದರೆ ವಚನ, ಅಂದರೆ ಗದ್ಯಭಾಗ. ಇದಕ್ಕೂ ಬಸವಣ್ಣನವರ ವಚನಕ್ಕೂ ಸಂಬಂಧವಿಲ್ಲ. ಹೊಸಬರು ಮೊದಲು ಕಂದಗಳನ್ನು ಹಿಡಿಯಲಿ. ಚಿಕ್ಕವು, ಕನ್ನಡದ ಪದಗಳು ಜಾಸ್ತಿ. ಗದ್ಯ ಸುಲಭವಿರಬೇಕು ಅಂದುಕೊಂಡು ವಚನಕ್ಕೆ ನೆಗೆಯಬೇಡಿ. ಉದ್ದುದ್ದ ಸಂಸ್ಕೃತ ಸಮಾಸಗಳು ಅಲ್ಲಿಯೂ ಕೂತಿರುತ್ತವೆ.

ಕುಮಾರವ್ಯಾಸನದು ಭಾಮಿನಿ ಷಟ್ಪದಿ. ಆರು ಸಾಲು. ಮೂರು ಮತ್ತು ಆರನೆಯ ಸಾಲು ಉದ್ದ. ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಯ ನಡೆ. ಮಾತ್ರೆ ಅಂದರೆ ಒಂದು ಹ್ರಸ್ವಾಕ್ಷರ ಹೇಳುವ ಹೊತ್ತು. ಪ್ರತಿ ಸಂಧಿಯ ಶುರುವಿನಲ್ಲಿ 'ಸೂಚನೆ' ಎಂದು ಮೂರು ಸಾಲು ಇರುತ್ತದೆ. ಆ ಸಂಧಿಯ ಕಥೆ ಅಷ್ಟರಲ್ಲೇ ಇದೆ, ಬಿಡಬೇಡಿ. ಆಮೇಲೆ "ಕೇಳು ಜನಮೇಜಯ ಧರಿತ್ರೀಪಾಲ" ಎಂದು ಬರುತ್ತದೆ. ಕಥೆಯೊಳಗೆ ಈ ಜನಮೇಜಯ ಯಾವಾಗ ಬಂದ ಎಂದು ಹುಡುಕಬೇಡಿ. ಅವನು ಕಥೆ ಕೇಳುತ್ತಿರುವ ರಾಜ, ಹೇಳುತ್ತಿರುವವನು ವೈಶಂಪಾಯನ. ನಡುನಡುವೆ 'ಅರಸ ಕೇಳು' ಎಂದು ಬಂದರೂ ಇವನನ್ನೇ ಕರೆದದ್ದು.

ಹಂತ 6: ಒಂದು ಪದ್ಯವನ್ನು ಬಿಡಿಸುವುದು ಹೀಗೆ

ರನ್ನನ ಗದಾಯುದ್ಧದ ಈ ಕಂದ ಅನೇಕರಿಗೆ ಶಾಲೆಯಿಂದಲೇ ನೆನಪಿರುತ್ತದೆ. ಕೊಳದ ನೀರೊಳಗೆ ಅಡಗಿರುವ ದುರ್ಯೋಧನನಿಗೆ ಭೀಮನ ಗರ್ಜನೆ ಕೇಳಿಸುತ್ತದೆ.

ಆ ರವಮಂ ನಿರ್ಜಿತಕಂ
ಠೀರವರವಮಂ ನಿರಸ್ತಘನರವಮಂ ಕೋ
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ದನುರಗಪತಾಕಂ

ಮೊದಲು ಜೋರಾಗಿ ಓದಿ. ಅರ್ಥದ ಯೋಚನೆ ಬೇಡ. ಪ್ರತಿ ಸಾಲಿನ ಎರಡನೆಯ ಅಕ್ಷರ ನೋಡಿ: ರ, ರ, ರು, ರೊ. ಇದಕ್ಕೆ ಆದಿಪ್ರಾಸ ಎನ್ನುತ್ತಾರೆ. ಈ ಪ್ರಾಸಕ್ಕಾಗಿ ಕವಿ ಪದವನ್ನು ಎಲ್ಲಿ ಬೇಕಾದರೂ ಮುರಿಯುತ್ತಾನೆ. ಇಲ್ಲಿ 'ಕಂಠೀರವ' ಮುರಿದಿದೆ, 'ಕೋಪಾರುಣ' ಮುರಿದಿದೆ. ಸಾಲಿನ ಕೊನೆಗೆ ಪದ ಮುಗಿಯಿತು ಅಂದುಕೊಂಡರೆ 'ಠೀರವ', 'ಪಾರುಣ' ಎಂಬ ಇಲ್ಲದ ಪದಗಳನ್ನು ನಿಘಂಟಿನಲ್ಲಿ ಹುಡುಕುತ್ತಾ ಕೂರಬೇಕಾಗುತ್ತದೆ. ಇದು ಹೊಸಬರು ಬೀಳುವ ಮೊದಲ ಹಳ್ಳ.

ಈಗ ಸಾಲುಗಳನ್ನು ಮರೆತು ಒಂದೇ ಉದ್ದಕ್ಕೆ ಬರೆದು ಬಿಡಿಸಿ: ಆ ರವಮಂ / ನಿರ್ಜಿತ ಕಂಠೀರವ ರವಮಂ / ನಿರಸ್ತ ಘನ ರವಮಂ / ಕೋಪ ಅರುಣ ನೇತ್ರಂ / ಕೇಳ್ದು / ಆ ನೀರೊಳಗೆ ಇರ್ದುಂ / ಬೆಮರ್ದನ್ / ಉರಗಪತಾಕಂ.

ನಂತರ ಕ್ರಿಯಾಪದ ಹುಡುಕಿ. ಹಳಗನ್ನಡದ ಪದ್ಯದಲ್ಲಿ ಮೊದಲು ಹಿಡಿಯಬೇಕಾದ್ದು ಅದನ್ನೇ. 'ಬೆಮರ್ದನ್' ಅಂದರೆ ಬೆವರಿದನು. ಯಾರು? ಬರಿಯ ಸೊನ್ನೆ ಬಾಲದ ಪದ ಹುಡುಕಿ: 'ಉರಗಪತಾಕಂ'. ಉರಗ ಅಂದರೆ ಹಾವು, ಪತಾಕೆ ಅಂದರೆ ಬಾವುಟ. ಹಾವಿನ ಬಾವುಟದವನು, ದುರ್ಯೋಧನ. 'ನೇತ್ರಂ' ಕೂಡ ಅವನಿಗೇ ಸೇರಿದ್ದು: ಸಿಟ್ಟಿನಿಂದ ಕಣ್ಣು ಕೆಂಪಾದವನು. ಏನು ಮಾಡಿ ಬೆವರಿದ? 'ಕೇಳ್ದು', ಕೇಳಿ. ಏನನ್ನು? '-ಮಂ' ಬಾಲದ ಪದ ನೋಡಿ: 'ರವಮಂ', ಆ ಸದ್ದನ್ನು. ಎಂಥ ಸದ್ದು? ಸಿಂಹದ ಗರ್ಜನೆಯನ್ನು ಗೆದ್ದದ್ದು, ಮೋಡದ ಗುಡುಗನ್ನು ಮೀರಿಸಿದ್ದು.

ಸೇರಿಸಿದರೆ: ಸಿಂಹದ ಗರ್ಜನೆಯನ್ನೂ ಗುಡುಗನ್ನೂ ಮೀರಿಸಿದ ಆ ಸದ್ದು ಕೇಳಿ, ಸಿಟ್ಟಿನಿಂದ ಕಣ್ಣು ಕೆಂಪಾದ ದುರ್ಯೋಧನ ಆ ನೀರೊಳಗಿದ್ದರೂ ಬೆವರಿದ.

ಈಗ ಎಣಿಸಿ ನೋಡಿ. ಇಲ್ಲಿ ನಿಮಗೆ ತೊಡಕಾದ ಪದಗಳು ಯಾವುವು? ನಿರ್ಜಿತ, ಕಂಠೀರವ, ನಿರಸ್ತ, ಘನ, ಅರುಣ, ಉರಗಪತಾಕ. ಎಲ್ಲವೂ ಸಂಸ್ಕೃತ. ಕನ್ನಡದ ಭಾಗ ಅಂದರೆ ಕೇಳ್ದು, ನೀರೊಳಗೆ, ಇರ್ದುಂ, ಬೆಮರ್ದನ್. ಇವು ನಾಲ್ಕನೆಯ ಹಂತದ ಪಟ್ಟಿಯಲ್ಲಿಯೇ ಬಿಡಿಸಿಹೋಗುತ್ತವೆ. "ಹಳಗನ್ನಡ ಕಷ್ಟ" ಅನ್ನುವವರು ಬಹಳ ಸಲ ಹಳಗನ್ನಡವನ್ನು ಬೈಯುತ್ತಿರುವುದೇ ಇಲ್ಲ. ಇದನ್ನು ಕಂಡುಕೊಂಡರೆ ಹುಡುಕುವ ಕೆಲಸ ಹಗುರಾಗುತ್ತದೆ, ಯಾಕೆಂದರೆ ಸಂಸ್ಕೃತದ ಪದ ಬಾಲ ಕತ್ತರಿಸಿದ ಕೂಡಲೇ ಯಾವ ನಿಘಂಟಿನಲ್ಲಾದರೂ ಸಿಗುತ್ತದೆ.

ಅರ್ಥವಾದ ಮೇಲೆ ಇನ್ನೊಮ್ಮೆ ಜೋರಾಗಿ ಓದಿ. ಮೊದಲ ಎರಡು ಸಾಲಿನಲ್ಲಿ ರವಮಂ, ರವರವಮಂ, ರವಮಂ ಎಂದು ಗುಡುಗು ಉರುಳುತ್ತದೆ. ಕೊನೆಯ ಸಾಲಿನಲ್ಲಿ ಮಾತು ಸಣ್ಣದಾಗಿ 'ಬೆಮರ್ದನ್' ಬರುತ್ತದೆ. ಗದ್ಯಾನುವಾದದಲ್ಲಿ ಇದು ಇಲ್ಲ. ಮೂಲವನ್ನೇ ಓದಿ ಎಂದು ಹಟ ಮಾಡುವುದು ಇದಕ್ಕೇ.

ಹಂತ 7: ಹೆಸರುಗಳ ಪಟ್ಟಿ ಮಾಡಿ

ಒಬ್ಬನಿಗೇ ಹತ್ತಾರು ಹೆಸರು. ನೋಟುಬುಕ್ಕಿನ ಕೊನೆಯ ಪುಟಗಳನ್ನು ಇದಕ್ಕೆ ಇಡಿ. ಅರ್ಜುನ: ಪಾರ್ಥ, ಕಿರೀಟಿ, ಫಲುಗುಣ, ಧನಂಜಯ, ಸವ್ಯಸಾಚಿ. ಭೀಮ: ವೃಕೋದರ, ಪವನಜ, ಅನಿಲಸುತ. ಕರ್ಣ: ರಾಧೇಯ, ರವಿಸುತ, ಇನತನಯ (ಇನ ಅಂದರೆ ಸೂರ್ಯ). ದುರ್ಯೋಧನ: ಸುಯೋಧನ, ಕುರುಪತಿ, ಫಣಿಕೇತನ. ಹೊಸ ಹೆಸರು ಬಂದಾಗ ಅಪ್ಪ ಯಾರು, ಬಾವುಟ ಯಾವುದು, ಆಯುಧ ಯಾವುದು ಎಂದು ಕೇಳಿಕೊಂಡರೆ ಬಹುಪಾಲು ಉತ್ತರ ಸಿಗುತ್ತದೆ.

ಈ ನಂಟಸ್ತಿಕೆಯನ್ನೇ ಕುಮಾರವ್ಯಾಸ ಆಟ ಮಾಡಿಕೊಂಡ ಪದ್ಯ ಒಂದಿದೆ. ಪಟ್ಟಿ ಕೈಯಲ್ಲಿದ್ದರೆ ಬಿಡಿಸಬಹುದು.

ವೇದಪುರುಷನ ಸುತನ ಸುತನ ಸ
ಹೋದರನ ಹೆಮ್ಮಗನ ಮಗನ ತ
ಳೋದರಿಯ ಮಾತುಳನ ಮಾವನನತುಳಭುಜಬಲದಿ
ಕಾದಿ ಗೆಲಿದನನಣ್ಣನವ್ವೆಯ
ನಾದಿನಿಯ ಜಠರದಲಿ ಜನಿಸಿದ
ನಾದಿಮೂರುತಿ ಸಲಹೊ ಗದುಗಿನ ವೀರನಾರಾಯಣ

ವಿಷ್ಣುವಿನಿಂದ ಹೊರಟ ವಂಶ ಎರಡನೆಯ ಸಾಲಿನ 'ಮಗನ' ಅನ್ನುವಲ್ಲಿ ಅರ್ಜುನನಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಹಿಡಿಯಿರಿ. ಅವನ ತಳೋದರಿ, ಅಂದರೆ ಹೆಂಡತಿ, ಸುಭದ್ರೆ.  ಅವಳ ಮಾತುಳ, ಸೋದರಮಾವ, ಕಂಸ. ಕಂಸನ ಮಾವ ಜರಾಸಂಧ. ಅವನನ್ನು ಕಾದಿ ಗೆದ್ದವನು ಭೀಮ. ಭೀಮನ ಅಣ್ಣ ಧರ್ಮರಾಜ. ಅವನ ಅವ್ವೆ ಕುಂತಿ. ಕುಂತಿಯ ನಾದಿನಿ ದೇವಕಿ. ದೇವಕಿಯ ಹೊಟ್ಟೆಯಲ್ಲಿ ಹುಟ್ಟಿದವನು ಕೃಷ್ಣ. ಕೊನೆಗೆ ಕವಿಯ ಕೀಟಲೆ ನೋಡಿ: 'ಜನಿಸಿದನಾದಿ' ಎಂಬುದನ್ನು 'ಜನಿಸಿದ ಅನಾದಿ' ಎಂದು ಬಿಡಿಸಬೇಕು. ಹುಟ್ಟಿದವನು, ಆದರೆ ಆದಿ ಇಲ್ಲದವನು.

'ಕಾದಿ' ಎಂಬುದನ್ನು ಗಮನಿಸಿದಿರಾ? ಹೋರಾಡಿ ಎಂದು ಅರ್ಥ, ಕಾದು ಕೂತು ಎಂದಲ್ಲ. ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಅನಿಸುವ ಪದ ಜಾಸ್ತಿ ಮೋಸ ಮಾಡುತ್ತದೆ. ಪರಿ ಅಂದರೆ ಓಡು, ಹರಿ. ಮಾಣ್ ಅಂದರೆ ನಿಲ್ಲಿಸು, ಬಿಡು. ಅಲರ್ ಅಂದರೆ ಹೂ. ಅರ್ಥ ಹೊಂದುತ್ತಿಲ್ಲ ಅನಿಸಿದರೆ ಸುಲಭದ ಪದವನ್ನೇ ಮೊದಲು ಅನುಮಾನಿಸಿ.

ಹಂತ 8: ಕೇಳಿ

ಈ ಕಾವ್ಯಗಳು ಒಬ್ಬರೇ ಮೂಲೆಯಲ್ಲಿ ಕೂತು ಮನಸ್ಸಿನಲ್ಲಿ ಓದಲು ಹುಟ್ಟಿದ್ದಲ್ಲ. ಗಮಕ ಅಂದರೆ ಕಾವ್ಯವನ್ನು ರಾಗವಾಗಿ, ಅರ್ಥ ಕೆಡದ ಹಾಗೆ ಓದುವ ಕಲೆ. ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಶಿವಮೊಗ್ಗದ ಹತ್ತಿರದ ಮತ್ತೂರು, ಹೊಸಹಳ್ಳಿ ಇದಕ್ಕೆ ಹೆಸರಾದ ಊರುಗಳು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿ ಹೊಸಹಳ್ಳಿಯವರು. ಗಮಕ ವಾಚನಗಳ ಧ್ವನಿಮುದ್ರಣಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ವಿದೇಶದಲ್ಲಿರುವವರಿಗೆ ಇದೇ ದೊಡ್ಡ ಆಸರೆ.

ಪುಸ್ತಕ ಮುಂದಿಟ್ಟುಕೊಂಡು ಕೇಳಿ. ಗಮಕಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ನೋಡಿ, ಅಲ್ಲಿ ಪೆನ್ಸಿಲ್ ಗೀಟು ಹಾಕಿ. ಪದ ಬಿಡಿಸುವ ಅರ್ಧ ಕೆಲಸ ಅವರೇ ಮಾಡಿಕೊಟ್ಟಿರುತ್ತಾರೆ. ಅರ್ಥ ಹೇಳದೆ ಬರಿಯ ರಾಗದಲ್ಲೇ ತೇಲಿಸುವ ವಾಚನ ಕಿವಿಗೆ ಚೆನ್ನ, ಕಲಿಯುವವರಿಗೆ ಉಪಯೋಗ ಕಡಿಮೆ. ವ್ಯಾಖ್ಯಾನ ಇರುವುದನ್ನೇ ಆರಿಸಿ.

ಹಂತ 9: ನಿಘಂಟನ್ನು ಕೊನೆಗೆ ತೆಗೆಯಿರಿ, ಕೆಲವನ್ನು ಬಿಟ್ಟುಬಿಡಿ

ಪ್ರತಿ ಪದಕ್ಕೂ ನಿಘಂಟು ತೆಗೆದರೆ ಪದ್ಯದ ಲಯ ಸತ್ತುಹೋಗುತ್ತದೆ. ಇಡೀ ಪದ್ಯ ಎರಡು ಸಲ ಓದಿ, ಊಹಿಸಿ, ಆಮೇಲೆ ನೋಡಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು, ಪದ ಯಾವ ಕಾವ್ಯದಲ್ಲಿ ಹೇಗೆ ಬಂದಿದೆ ಎಂದೂ ಕೊಡುತ್ತದೆ. ಮನೆಗೆ ತರುವುದು ಭಾರವಾದರೆ ಗ್ರಂಥಾಲಯದಲ್ಲಿ ನೋಡಿ. 1894ರ ಕಿಟ್ಟೆಲ್ ನಿಘಂಟು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ಅರ್ಥ ಮಾತ್ರ ಇಂಗ್ಲಿಷಿನಲ್ಲಿದೆ. ಪದ ಸಿಗದಿದ್ದರೆ ಬಾಲ ಕತ್ತರಿಸಿ ಹುಡುಕಿ, ಪಕಾರಕ್ಕೆ ಹಕಾರ ಹಾಕಿ ಹುಡುಕಿ.

ಇನ್ನು ಬಿಟ್ಟುಬಿಡುವ ವಿಷಯ. ಹಳಗನ್ನಡದ ಮಹಾಕಾವ್ಯಗಳಲ್ಲಿ 'ಅಷ್ಟಾದಶ ವರ್ಣನೆ' ಎಂದು ಒಂದು ಕಟ್ಟಳೆ. ಸಮುದ್ರ, ಬೆಟ್ಟ, ಪಟ್ಟಣ, ಋತು, ಚಂದ್ರೋದಯ, ಜಲಕ್ರೀಡೆ ಹೀಗೆ ಹದಿನೆಂಟು ವರ್ಣನೆ ಇರಬೇಕು. ಕಥೆ ನಿಂತು ವರ್ಣನೆ ಪುಟಗಟ್ಟಲೆ ನಡೆಯುತ್ತದೆ. ಮೊದಲ ಓದಿನಲ್ಲಿ ಇವನ್ನು ಸಂಕೋಚವಿಲ್ಲದೆ ದಾಟಿ. ಪಂಡಿತರು ಹುಬ್ಬು ಗಂಟಿಕ್ಕಿದರೆ ಗಂಟಿಕ್ಕಲಿ. ಆದರೆ ಪಂಪನ ಬನವಾಸಿಯ ವರ್ಣನೆಯನ್ನು ಮಾತ್ರ ಬಿಡಬೇಡಿ. ಪಂಪನ 'ಆದಿಪುರಾಣ' ಹಿಡಿದವರಿಗೆ ಭವಾವಳಿ ಎದುರಾಗುತ್ತದೆ, ಅಂದರೆ ತೀರ್ಥಂಕರನ ಹಿಂದಿನ ಜನ್ಮಗಳ ಸಾಲು. ಯಾರು ಮುಂದಿನ ಜನ್ಮದಲ್ಲಿ ಯಾರಾದರು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳದೆ ಅದನ್ನು ದಾಟಲು ಹೋಗಬೇಡಿ.

ದಿನಕ್ಕೆ ಎಷ್ಟು ಓದಬೇಕು ಎಂದೂ ಕೇಳುತ್ತಾರೆ. ಶುರುವಿನಲ್ಲಿ ಎರಡು ಮೂರು ಪದ್ಯ ಸಾಕು, ಆದರೆ ಬಿಡಿಸಿ, ಜೋರಾಗಿ, ಪೂರ್ತಿ. ಒಂದು ಪದ್ಯ ಎಷ್ಟು ಹೊತ್ತಾದರೂ ಬಿಡಿಸಿಕೊಳ್ಳದಿದ್ದರೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿ. ಪಾಠ, ಅಂದರೆ ಮೂಲದ ಮಾತು, ಹೀಗಿರಬೇಕೋ ಹಾಗಿರಬೇಕೋ ಎಂದು ಸಂಪಾದಕರೇ ಅಡಿಟಿಪ್ಪಣಿಯಲ್ಲಿ ಜಗಳವಾಡಿರುವ ಪದ್ಯಗಳೂ ಇವೆ. ನಿಮ್ಮ ಪ್ರಶ್ನೆ ಚಿಹ್ನೆ ಅಂಥದೊಂದರ ಮೇಲೆಯೇ ಬಿದ್ದಿರಬಹುದು.